ಹೆಚ್ಚಾದ ಅಕ್ಕಿ

2025ರ ಸೆಪ್ಟೆಂಬರ್ 3ರ ರಾತ್ರಿ ಊಟಕ್ಕೆ ಕೂತಿದ್ದೆವು. ಟಿವಿಯಲ್ಲಿ ಜಿಎಸ್‌ಟಿ ಮಂಡಳಿಯ ತೀರ್ಮಾನಗಳು ಬರುತ್ತಿದ್ದವು. ಬಹುತೇಕ ಔಷಧಿಗಳ ಮೇಲಿನ ತೆರಿಗೆ ಶೇ 12ರಿಂದ 5ಕ್ಕೆ, 33 ಜೀವರಕ್ಷಕ ಔಷಧಿಗಳಿಗೆ ಸೊನ್ನೆ. ಜಾರಿ ಇದೇ 22ರಿಂದ. "ಒಳ್ಳೇದಾಯ್ತು, ಅಮ್ಮನ ಮಾತ್ರೆ ಅಗ್ಗ ಆಗುತ್ತೆ" ಅಂದರು ಯಜಮಾನರು. ನನಗೆ ಕೈಯಲ್ಲಿದ್ದ ತುತ್ತು ಇಳಿಯಲಿಲ್ಲ. ನಮ್ಮ ತಂಡ ಮಾಡುವುದು ಔಷಧಿ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್. ಕೈಯಲ್ಲಿ 19 ದಿನ.

ತೆರಿಗೆಯ ದರ ಸಾಫ್ಟ್‌ವೇರ್‌ನಲ್ಲಿ ಒಂದೇ ಕಡೆ ಕೂತಿರಬೇಕು, ಬದಲಿಸುವುದು ಒಂದು ಸಾಲಿನ ಕೆಲಸ ಆಗಬೇಕು. ನಮ್ಮಲ್ಲಿ ಹಾಗಿರಲಿಲ್ಲ. ಬಿಲ್ಲಿನಲ್ಲಿ ಒಂದು ಕಡೆ, ವಾಪಸು ಬಂದ ಮಾಲಿನ ಲೆಕ್ಕದಲ್ಲಿ ಇನ್ನೊಂದು ಕಡೆ, ಅದರ ಮೇಲೆ 14 ಬಗೆಯ ವರದಿಗಳು. ಪ್ರತಿ ವರದಿಯ ಹೊಟ್ಟೆಯೊಳಗೂ ಅದನ್ನು ಬರೆದವರು ಅವಸರದಲ್ಲಿ ಹುದುಗಿಸಿ ಹೋಗಿದ್ದ 12 ಎಂಬ ಅಂಕಿ.

14 ವರದಿಗಳು ಯಾಕೆ ಬಂದವು ಎಂದು ಕೇಳಿದರೆ ನಾನು ನನ್ನತ್ತಲೇ ಬೊಟ್ಟು ಮಾಡಬೇಕು. ಹಿಂದಿನ ವರ್ಷ ನಮ್ಮಲ್ಲಿಗೆ ಒಂದು ಡ್ಯಾಶ್‌ಬೋರ್ಡ್ ಬಂದಿತ್ತು. ಯಾರು ಎಷ್ಟು ಟಿಕೆಟ್ ಮುಗಿಸಿದರು, ಕೆಲಸದ ಗಾತ್ರಕ್ಕೆ ಕೊಡುವ ಸ್ಟೋರಿ ಪಾಯಿಂಟ್ ಎಷ್ಟು ಗಳಿಸಿದರು, ಎಷ್ಟು ಕೋಡ್ ಸೇರಿಸಿದರು ಎಂದು ವ್ಯಕ್ತಿವಾರು ತೋರಿಸುವ ಬಣ್ಣದ ಕಂಬಗಳು. ಬೇಡ ಅನ್ನುವ ಸ್ಥಾನದಲ್ಲಿದ್ದೆ, ಅನ್ನಲಿಲ್ಲ. ನಿಜ ಹೇಳಬೇಕೆಂದರೆ ಮೊದಮೊದಲು ಇಷ್ಟವೇ ಆಗಿತ್ತು. (ಸ್ಟೋರಿ ಪಾಯಿಂಟ್ ಅನ್ನುವುದನ್ನು ಬಹುಶಃ ತಾನೇ ಹುಟ್ಟುಹಾಕಿದ್ದು, ಹಾಗಿದ್ದರೆ ಈಗ ಪಶ್ಚಾತ್ತಾಪವಾಗುತ್ತಿದೆ ಎಂದು ರಾನ್ ಜೆಫ್ರೀಸ್ ಎಂಬ ಸಾಫ್ಟ್‌ವೇರ್ ಪರಿಣತರು ಬರೆದುಕೊಂಡಿದ್ದಾರೆ. ನಾನದನ್ನು ಓದಿದ್ದು ತಡವಾಗಿ.) ಮೂರು ತಿಂಗಳಲ್ಲಿ ಕಂಬಗಳು ಮೇಲೇರಿದವು. ಮೊದಲು 3 ಪಾಯಿಂಟ್ ಅನ್ನಿಸಿಕೊಳ್ಳುತ್ತಿದ್ದ ಕೆಲಸ 8 ಆಯಿತು. ಒಂದೇ ಬದಲಾವಣೆ ನಾಲ್ಕು ಚೂರಾಗಿ ಬಂದು ನಾಲ್ಕಾಗಿ ಎಣಿಕೆಯಾಯಿತು. ವರದಿ ಬರೆಯುವುದು ಸುಲಭ, ಹಳೆಯದರ ನಕಲು ತೆಗೆದು ಎರಡು ಕಾಲಂ ಬದಲಿಸಿದರೆ ಮುಗಿಯಿತು. ಹಾಗಾಗಿ ವರದಿಗಳು ಹುಟ್ಟಿದವು. ಆ ವರ್ಷದ ಬಹುಮಾನದ ತಟ್ಟೆಯನ್ನು ನಾನೇ ಕೈಯಾರೆ ಕೊಟ್ಟೆ.

ಆಮೇಲೆ ಒಮ್ಮೆ ದಾವಣಗೆರೆಗೆ ಮದುವೆಗೆ ಹೋದಾಗ ನಮ್ಮ ಸಾಫ್ಟ್‌ವೇರ್ ಬಳಸುವ ಒಂದು ಔಷಧಿ ಅಂಗಡಿಯಲ್ಲಿ ಅರ್ಧ ದಿನ ಕೂತಿದ್ದೆ. ಅಂಗಡಿಯವರು ಬಳಸುತ್ತಿದ್ದುದು ಎರಡು ಪರದೆ: ಬಿಲ್ಲು, ದಿನದ ಲೆಕ್ಕ. ತಿಂಗಳಿಗೊಮ್ಮೆ ಆಡಿಟರ್‌ಗೆ ಕಳಿಸುವುದು ಮೂರನೆಯದು. "ಉಳಿದವು?" ಎಂದೆ. "ಅವು ಇದಾವಾ?" ಎಂದರು. ದಿನದ ಲೆಕ್ಕವನ್ನೂ ಪ್ರಿಂಟ್ ತೆಗೆದು ಕೆಂಪು ರಟ್ಟಿನ ಪುಸ್ತಕಕ್ಕೆ ಪೆನ್ನಿನಲ್ಲಿ ಇಳಿಸಿಕೊಳ್ಳುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, ಪ್ರಿಂಟಿನಲ್ಲಿ ತಾರೀಕು ಕಾಣುವುದಿಲ್ಲ, ಅಕ್ಷರ ಇರುವೆಯ ಹಾಗಿದೆ ಎಂದರು.

ಬೇಡದ್ದು ಹೆಚ್ಚಾದರೆ ಏನಾಗುತ್ತದೆ ಎಂದು ನನಗೆ ಚಿಕ್ಕಂದಿನಿಂದಲೇ ಗೊತ್ತಿರಬೇಕಿತ್ತು. ನಾನು ಹುಟ್ಟಿ ಬೆಳೆದದ್ದು ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ, ಚಿನ್ನದ ಗಣಿಯ ಕ್ವಾರ್ಟರ್ಸಿನಲ್ಲಿ. ಅಪ್ಪ ಗಣಿಯ ಅಸ್ಸೇ ಲ್ಯಾಬಿನಲ್ಲಿದ್ದರು. ಕಲ್ಲಿನಲ್ಲಿ ಚಿನ್ನ ಎಷ್ಟಿದೆ ಎಂದು ನೋಡುವ ಕೆಲಸ. ಮೇಲಿಂದ ಬಂದ ಮಾದರಿಯನ್ನು ಹಿಟ್ಟಿನಂತೆ ಪುಡಿ ಮಾಡಿ, ಸೀಸದ ಆಕ್ಸೈಡು, ಬಿಳಿಗಾರ, ಸೋಡಾ ಬೆರೆಸಿ ಕುಲುಮೆಗೆ ಇಡುತ್ತಾರೆ. ಕರಗಿದ ಸೀಸ ಚಿನ್ನವನ್ನೆಲ್ಲ ಹೀರಿಕೊಂಡು ತಳದಲ್ಲಿ ಗುಂಡಿಯಂತೆ ನಿಲ್ಲುತ್ತದೆ. ಆ ಗುಂಡಿಯನ್ನು ಮೂಳೆಬೂದಿಯ ಪುಟ್ಟ ಬಟ್ಟಲಲ್ಲಿಟ್ಟು ಮತ್ತೆ ಕಾಯಿಸಿದರೆ ಬಟ್ಟಲು ಸೀಸವನ್ನು ಕುಡಿದುಬಿಡುತ್ತದೆ. ಕೊನೆಗೆ ಉಳಿಯುವುದು ಸಾಸಿವೆಗಿಂತ ಸಣ್ಣ ಒಂದು ಮಣಿ. ಅದರಲ್ಲಿನ ಬೆಳ್ಳಿಯನ್ನು ಆಸಿಡ್‌ನಲ್ಲಿ ತೆಗೆದು, ಉಸಿರು ಬಿಗಿಹಿಡಿದು ತೂಗುತ್ತಾರೆ. ಒಂದು ಟನ್ ಕಲ್ಲಿಗೆ ಸಿಗುವುದು ಕೆಲವೇ ಗ್ರಾಂ. ಶಾಫ್ಟಿನಿಂದ ಇವತ್ತು ಇಷ್ಟು ಟನ್ ಮೇಲೆ ಬಂತು ಎಂದು ಶಾಲೆಯಲ್ಲಿ ಹುಡುಗರು ಜಂಬ ಕೊಚ್ಚಿದ್ದನ್ನು ಮನೆಗೆ ತಂದರೆ ಅಪ್ಪ ನಗುತ್ತಿದ್ದರು. "ಟನ್ ಹೆಚ್ಚು ಬೇಕಂದ್ರ ಬಾಜೂಕಿನ ಖಾಲಿ ಕಲ್ಲೂ ಒಡದು ಕಳಸ್ತಾರ. ಮಿಲ್ಲಿಗೆ ಅದೂ ಅರಿಯಾಕ ಬೇಕು, ಇದೂ ಅರಿಯಾಕ ಬೇಕು, ಕರೆಂಟು ಒಂದ." ಚಿನ್ನವಿಲ್ಲದ ಕಲ್ಲು ಅದುರಿನ ಜೊತೆ ಬೆರೆತು ಬರುವುದಕ್ಕೆ ಗಣಿಯವರು ಡೈಲ್ಯೂಷನ್ ಎನ್ನುತ್ತಾರೆ. ಸೆಪ್ಟೆಂಬರ್‌ನ ಆ 19 ದಿನಗಳಲ್ಲಿ ನಮ್ಮ ತಂಡ ಅರೆದದ್ದು ನಾನೇ ಬಹುಮಾನ ಕೊಟ್ಟು ಮೇಲೆ ತರಿಸಿದ್ದ ಖಾಲಿ ಕಲ್ಲನ್ನು.

ಹಟ್ಟಿಯಿಂದ ಗುರುಗುಂಟಾದ ಅಮರೇಶ್ವರ ದೂರವಲ್ಲ. ಜಾತ್ರೆಗೆ ಎಲ್ಲರೂ ಹೋಗುತ್ತಿದ್ದೆವು. ಹನ್ನೆರಡನೇ ಶತಮಾನದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಅಲ್ಲಿಂದಲೇ ಕಲ್ಯಾಣಕ್ಕೆ ಹೋದವರು. ಅವರ ಕಥೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಚಕ್ಕಡಿಯಲ್ಲಿ ಕೂತು ಅಜ್ಜಿಯ ಬಾಯಿಂದ ಕೇಳಿದ್ದು. ಶೂನ್ಯಸಂಪಾದನೆಯಲ್ಲಿ ಅವರಿಗೇ ಒಂದು ಅಧ್ಯಾಯವಿದೆ ಎಂದು ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಶರಣರ ಜೊತೆ ಮಾತಿಗೆ ಕೂತವನು ಕೆಲಸ ಮರೆತ. ಲಕ್ಕಮ್ಮ ಬಂದು ಎಬ್ಬಿಸಿದಳು. ಇನ್ನೊಂದು ದಿನ ಅವನು ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಗಂಟು ಬಿಚ್ಚಿ ನೋಡಿದಳು, ಇದು ನಮ್ಮದಲ್ಲ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದಳು. ಮಾರಯ್ಯ ಸುರಿದು ಬಂದ. ಉಳಿದ ಅಷ್ಟೇ ಅಕ್ಕಿಯಲ್ಲಿ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ಊಟವಾಯಿತು ಎನ್ನುತ್ತದೆ ಕಥೆ. ಆ ಸಂಖ್ಯೆಯನ್ನು ಅಜ್ಜಿ ಹೇಳುವಾಗ ಕಣ್ಣರಳಿಸುತ್ತಿದ್ದಳು. ನನಗೀಗ ಸಂಖ್ಯೆ ಮುಖ್ಯವಲ್ಲ, ಲಕ್ಕಮ್ಮ ಗಂಟು ಬಿಚ್ಚಿ ನೋಡಿದ್ದು ಮುಖ್ಯ.

ಯಾಕೆಂದರೆ ಅವಳು ಅಳೆದಳು. ಅಧ್ಯಾತ್ಮ ಅಂದರೆ ಲೆಕ್ಕ ಬಿಡುವುದು ಎಂದುಕೊಂಡವರಿಗೆ ಈ ಕಥೆ ಒಗ್ಗುವುದಿಲ್ಲ. ದಿನದ ಅಕ್ಕಿ ಎಷ್ಟು ಎಂಬುದು ಅವಳಿಗೆ ಕೈತೂಕದಲ್ಲೇ ಗೊತ್ತಿತ್ತು. ಅವಳ ಅಳತೆಗೋಲು ಒಲೆಯ ಮುಂದಿತ್ತು, ಉಣ್ಣುವವರ ಎದುರು. ನನ್ನದು ಅಂಗಳದಲ್ಲಿತ್ತು, ಆಯುವವನ ಬೆನ್ನ ಹಿಂದೆ. ಇನ್ನೊಂದು ಮಾತು: ಅವಳು ಒಮ್ಮೆ ಏಳು ಎಂದಳು, ಒಮ್ಮೆ ಸಾಕು ಎಂದಳು. ಎರಡನ್ನೂ ಒಬ್ಬಳೇ ಹೇಳಿದಳು. ನಾನು ಕಂಡ ಮ್ಯಾನೇಜರುಗಳಲ್ಲಿ, ನನ್ನನ್ನೂ ಸೇರಿಸಿ, ಮೊದಲನೆಯದನ್ನು ಹೇಳಲು ಬಾರದವರಿಲ್ಲ.

ಕಾಯಕ ಎಂಬ ಪದ ನಮ್ಮ ಕಡೆ ಆಫೀಸುಗಳಲ್ಲಿ ಪಡುವ ಪಾಡು ನೋಡಿ. ಬಸವ ಜಯಂತಿಗೆ ಲಿಫ್ಟಿನ ಪಕ್ಕ "ಕಾಯಕವೇ ಕೈಲಾಸ" ಎಂಬ ಫಲಕ ಏಳುತ್ತದೆ. ಕೆಲಸವೇ ಸ್ವರ್ಗ, ಆದ್ದರಿಂದ ಇನ್ನಷ್ಟು ಮಾಡಿ ಎಂಬ ಅರ್ಥ ಅದಕ್ಕೆ ಯಾರೂ ಬಾಯಿಬಿಟ್ಟು ಹೇಳದೆಯೇ ಅಂಟಿಕೊಂಡಿದೆ. ಹೆಚ್ಚು ತಂದವನನ್ನು ಮನೆಯ ಹೆಣ್ಣುಮಗಳು ತಿರುಗಿ ಕಳಿಸಿದ ಪರಂಪರೆಯ ಪದ ಅದು! ಗೀತೆಯ ಗತಿಯೂ ಅಷ್ಟೇ. ಎರಡನೇ ಅಧ್ಯಾಯದ 47ನೇ ಶ್ಲೋಕ ನನಗೆ ವಾಟ್ಸಾಪಿನಲ್ಲಿ ಬರುವುದು ಸಾಮಾನ್ಯವಾಗಿ ಬೋನಸ್ ಕಡಿಮೆಯಾದ ವರ್ಷ, ಬೋನಸ್ ತೀರ್ಮಾನಿಸುವವರಿಂದ. ಫಲದ ಆಸೆ ಬಿಡು ಎಂಬ ಮಾತನ್ನು ಫಲ ಇಟ್ಟುಕೊಂಡವನು ಹೇಳಿದರೆ ಅದಕ್ಕೆ ಉಪದೇಶ ಎನ್ನುವುದಿಲ್ಲ.

ಆದರೆ ಆ ಸೆಪ್ಟೆಂಬರ್‌ನಲ್ಲಿ ನನಗೆ ನೆನಪಾದದ್ದು ಗೀತೆಯ ಬೇರೆ ಜಾಗ, ಹದಿನೆಂಟನೇ ಅಧ್ಯಾಯ. ಯಾವುದೇ ಕರ್ಮ ಕೈಗೂಡಲು ಐದು ಕಾರಣ ಬೇಕು ಎನ್ನುತ್ತದೆ ಅಲ್ಲಿ: ಅಧಿಷ್ಠಾನ, ಕರ್ತೃ, ಕರಣ, ಬಗೆಬಗೆಯ ಚೇಷ್ಟೆ, ಐದನೆಯದು ದೈವ. ಇಷ್ಟಿರುವಾಗ ನಾನೊಬ್ಬನೇ ಮಾಡಿದೆ ಎಂದು ಕಾಣುವವನಿಗೆ ಸರಿಯಾಗಿ ಕಾಣುತ್ತಿಲ್ಲ ಎಂದೂ ಮುಂದೆ ಬರುತ್ತದೆ. ಅಧಿಷ್ಠಾನವೆಂದರೆ ದೇಹ ಎನ್ನುತ್ತಾರೆ ವ್ಯಾಖ್ಯಾನಕಾರರು. ಆತ್ಮ ಕರ್ತೃವಲ್ಲ ಎಂದು ತೋರಿಸಲು ಬಂದ ಮಾತದು. ಅದನ್ನು ಬೆಂಗಳೂರಿನ ಬೆಳ್ಳಂದೂರಿನಲ್ಲಿರುವ ನಮ್ಮ ಆಫೀಸಿಗೆ ಎಳೆದು ತರುವುದು ಅತಿಪ್ರಸಂಗ, ಗೊತ್ತಿದೆ. ಆದರೂ ತರುತ್ತೇನೆ. ನಮ್ಮ ಡ್ಯಾಶ್‌ಬೋರ್ಡ್ ಐದರಲ್ಲಿ ಒಂದನ್ನು, ಕರ್ತೃವನ್ನು ಮಾತ್ರ ನಂಬಿತ್ತು.

ತಂಡದಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವ ಹುಡುಗಿಯೊಬ್ಬಳಿದ್ದಾಳೆ. ಮಾತು ಕಡಿಮೆ. ಅವಳ ಕಂಬ ಯಾವಾಗಲೂ ಗಿಡ್ಡ, ಯಾಕೆಂದರೆ ಅವಳು ಕೋಡ್ ಸೇರಿಸುವುದಿಲ್ಲ, ಬೇರೆಯವರು ಸೇರಿಸಿದ್ದನ್ನು ತಡೆಯುತ್ತಾಳೆ. ಹಿಂದಿನ ಮಾರ್ಚಿನ ಅಪ್ರೈಸಲ್‌ನಲ್ಲಿ "ಇನ್ನೂ ಚುರುಕಾಗಬೇಕು" ಎಂದು ಬರೆದ ಸಹಿ ನನ್ನದು. ಸೆಪ್ಟೆಂಬರ್ 4ರ ಬೆಳಿಗ್ಗೆ ಅವಳು ಒಂದು ಹಳೆಯ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟಳು. 12 ಎಂಬ ಅಂಕಿ ಎಲ್ಲೆಲ್ಲಿ ಅಡಗಿದೆ ಎಂದು ಎರಡು ವರ್ಷದಿಂದ ಬರೆದಿಟ್ಟುಕೊಂಡಿದ್ದಳು. ಯಾರೂ ಕೇಳಿರಲಿಲ್ಲ. ಟಿಕೆಟ್ ಇರಲಿಲ್ಲ. 41 ಜಾಗಗಳು. "ಹೇಳಬಹುದಿತ್ತಲ್ಲ?" ಎಂದೆ. "ಎರಡು ಸಲ ಹೇಳಿದ್ದೆ ಮೇಡಂ" ಎಂದಳು. ಹೇಳಿದ್ದಳು, ನನ್ನ ಮೇಲ್‌ನಲ್ಲಿ ಇದೆ, ಹುಡುಕಿ ನೋಡಿದೆ.

ಅದೇ ವಾರ ಮೇಲಿನವರು ಧಾರಾಳವಾಗಿ ಇನ್ನೂ ಆರು ಜನರನ್ನು ಕೊಡುತ್ತೇವೆಂದರು. ಬೇಡವೆಂದೆ. ಇದೊಂದು ವಿಷಯದಲ್ಲಿ ನನಗೆ ಧೈರ್ಯ ಕೊಟ್ಟದ್ದು ಫ್ರೆಡ್ ಬ್ರೂಕ್ಸ್. ಐಬಿಎಂನಲ್ಲಿ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟಿಸುವಾಗ ಬೆಂದವರು ಆತ. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು 1975ರಲ್ಲೇ ಬರೆದರು. ಕೋಡ್ ಬರೆಯುವ ನಮ್ಮ ಐದು ಜನರ ನಡುವೆ ಮಾತಿನ ದಾರಿಗಳು 10. ಹನ್ನೊಂದು ಜನರಾದರೆ 55. ಹೊಸಬರಿಗೆ ಆ ನೋಟ್‌ಬುಕ್ ಅರ್ಥ ಮಾಡಿಸುವಷ್ಟರಲ್ಲಿ ನವರಾತ್ರಿ ಮುಗಿದಿರುತ್ತಿತ್ತು. 21ರ ರಾತ್ರಿ ಹನ್ನೊಂದಕ್ಕೆ ಕೊನೆಯ ಅಂಗಡಿಯ ಆವೃತ್ತಿ ಬದಲಾಯಿತು. ದೈವ ಎಂಬ ಐದನೆಯ ಕಾರಣವೂ ಕೈಕೊಡಲಿಲ್ಲ, ಆ ರಾತ್ರಿ ಕರೆಂಟು ಹೋಗಲಿಲ್ಲ.

ಈ ಕೆಲಸ ಮಾಡಿದ್ದು ಯಾರು? ಐದು ಜನ ಬರೆದರು, ನಿಜ. ನೋಟ್‌ಬುಕ್ ಇಲ್ಲದಿದ್ದರೆ ಎಲ್ಲಿ ಬರೆಯಬೇಕಿತ್ತು? ಡ್ಯಾಶ್‌ಬೋರ್ಡ್ ಆ ವಾರ ಅವಳ ಹೆಸರಿನ ಎದುರು ತೋರಿಸಿದ್ದು 0.

ಈಗ ಎದುರು ವಾದ. ನನ್ನ ಜೊತೆ ಊಟಕ್ಕೆ ಕೂರುವ ಪ್ರಾಡಕ್ಟ್ ಮ್ಯಾನೇಜರ್ ಒಬ್ಬರಿದ್ದಾರೆ, ಧಾರವಾಡದವರು, ಖಾರವಾಗಿ ಮಾತಾಡುತ್ತಾರೆ. "ಲಕ್ಕಮ್ಮಗ ಇಎಂಐ ಇರ್ಲಿಲ್ರಿ" ಎಂದರು. ಬಡತನವನ್ನು ಆರಿಸಿಕೊಂಡವರ ನೀತಿಯನ್ನು ಬಂಡವಾಳ ಹಾಕಿದವರ ಕಂಪನಿಗೆ ಹೇಗೆ ಹಚ್ಚುತ್ತೀರಿ, ಎದುರಾಳಿ 20 ವರದಿ ಕೊಡುತ್ತಾನೆ, ಮಾರಾಟದವರು ಪಟ್ಟಿ ಹಿಡಿದು ಹೋದಾಗ ನಮ್ಮದು ಉದ್ದ ಇರಬೇಕಲ್ಲ ಎಂದರು. ಇದಕ್ಕೆ ನನ್ನ ಬಳಿ ಪೂರಾ ಉತ್ತರವಿಲ್ಲ. ಪಟ್ಟಿ ನೋಡಿ ಕೊಳ್ಳುವವರು ಇದ್ದಾರೆ. ಅಕ್ಕಿ ಸುರಿದು ಬಾ ಎನ್ನಲು ಲಕ್ಕಮ್ಮನಿಗೆ ಮನೆಯಲ್ಲಿ ಅಧಿಕಾರವಿತ್ತು; ತಂಡದಲ್ಲಿ ಆ ಅಧಿಕಾರ ಯಾರದು ಎಂದು ಕೇಳಿದರೆ ಎಲ್ಲರೂ ಮೇಲಕ್ಕೆ ಕೈ ತೋರಿಸುತ್ತಾರೆ. ಆದರೆ ಒಂದನ್ನು ಮಾತ್ರ ಒಪ್ಪಲಾರೆ, ಹೆಚ್ಚಿದ್ದರೆ ನಷ್ಟವೇನು ಎಂಬುದನ್ನು. ಅಕ್ಕಿಯಾದರೆ ಗಡಿಗೆಯಲ್ಲಿ ಸುಮ್ಮನೆ ಕೂರುತ್ತದೆ, ಹೆಚ್ಚೆಂದರೆ ಹುಳ ಬೀಳುತ್ತದೆ. ಕೋಡ್ ಸುಮ್ಮನಿರುವುದಿಲ್ಲ. ಸರ್ಕಾರ ತೆರಿಗೆ ಬದಲಿಸಿದಾಗ, ಫೋನಿನವರು ಹೊಸ ಆವೃತ್ತಿ ಬಿಟ್ಟಾಗ, ಯಾರೋ ಕೆಲಸ ಬಿಟ್ಟಾಗ, ಪ್ರತಿಸಲವೂ ಅದಕ್ಕೆ ಊಟ ಹಾಕಬೇಕು.

ಈಗಂತೂ ಅಕ್ಕಿ ಆಯುವುದೇ ಬೇಕಿಲ್ಲ, ಎಐಗೆ ಹೇಳಿದರೆ ಮೂಟೆಗಟ್ಟಲೆ ಸುರಿಯುತ್ತದೆ. ನಮ್ಮ ಹುಡುಗರು ದಿನವಿಡೀ ಬಳಸುತ್ತಾರೆ, ನಾನೂ ಬಳಸುತ್ತೇನೆ, ಸುಖವಾಗಿದೆ. 2025ರ ಜುಲೈನಲ್ಲಿ ಮೀಟರ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ನುರಿತ 16 ಓಪನ್ ಸೋರ್ಸ್ ಡೆವಲಪರ್‌ಗಳು, ತಾವು ವರ್ಷಗಟ್ಟಲೆ ಪಳಗಿದ ಪ್ರಾಜೆಕ್ಟುಗಳಲ್ಲೇ 246 ಕೆಲಸಗಳು. ಕೆಲವಕ್ಕೆ ಎಐ ಬಳಸಬಹುದು, ಕೆಲವಕ್ಕೆ ಬಳಸುವಂತಿಲ್ಲ. ಶುರುವಿಗೆ ಮುಂಚೆ ಅವರ ಅಂದಾಜು, ಸಮಯ ಶೇ 24 ಉಳಿಯುತ್ತದೆ ಎಂದು. ಮುಗಿದ ಮೇಲೆ, ಶೇ 20 ಉಳಿಯಿತು ಎಂದರು. ಗಡಿಯಾರ ಹೇಳಿದ್ದು: ಶೇ 19 ಹೆಚ್ಚು ಹಿಡಿಯಿತು. ಇದು ಆ ವರ್ಷದ ಆರಂಭದ ಸಲಕರಣೆಗಳ ಮಾತು, ಚೆನ್ನಾಗಿ ಗೊತ್ತಿರುವ ಕೋಡಿನ ಮಾತು. ಎಲ್ಲ ಕಡೆಗೂ ಹಚ್ಚಬಾರದು. ನನ್ನನ್ನು ಕಾಡಿದ್ದು ಶೇ 19 ಅಲ್ಲ. ತಮ್ಮದೇ ಕೈ ಓಡುತ್ತಿದೆಯೋ ಎಳೆಯುತ್ತಿದೆಯೋ ಎಂಬುದು ಅಷ್ಟು ಅನುಭವಸ್ಥರಿಗೂ ತಿಳಿಯಲಿಲ್ಲವಲ್ಲ ಎಂಬುದು. ಅನುಭವವೇ ಪ್ರಮಾಣ ಎನ್ನುವ ಮಣ್ಣಿನವರು ನಾವು. ಒಳಗಿನ ಸಾಕ್ಷಿ ಹೇಳುವುದನ್ನು ನಂಬುವಂತಿದ್ದರೆ ಡ್ಯಾಶ್‌ಬೋರ್ಡನ್ನು ಕಿತ್ತು ಬಿಸಾಡಿ ಬರುತ್ತಿದ್ದೆ. ನಂಬುವಂತಿಲ್ಲ. ಗಂಟು ಬಿಚ್ಚಿ ನೋಡಲೇಬೇಕು, ಲಕ್ಕಮ್ಮ ನೋಡಿದ ಹಾಗೆ.

ಆದರೆ ಏನನ್ನು ಅಳೆಯುವುದು ಎಂಬುದು ಬೇರೆ ಪ್ರಶ್ನೆ. 1982ರಲ್ಲಿ ಆಪಲ್ ಕಂಪನಿಯ ಲೀಸಾ ಕಂಪ್ಯೂಟರಿನ ತಂಡದಲ್ಲಿ ಪ್ರತಿಯೊಬ್ಬರೂ ವಾರಕ್ಕೆ ಎಷ್ಟು ಸಾಲು ಕೋಡ್ ಬರೆದರೆಂದು ಫಾರಂ ತುಂಬಬೇಕಿತ್ತಂತೆ. ಬಿಲ್ ಅಟ್ಕಿನ್ಸನ್ ಆ ವಾರ ಪರದೆಯ ಮೇಲೆ ಚಿತ್ರ ಮೂಡಿಸುವ ಕ್ವಿಕ್‌ಡ್ರಾ ಎಂಬ ಸಾಫ್ಟ್‌ವೇರ್‌ನ ಒಂದು ಭಾಗವನ್ನು ಹೊಸದಾಗಿ ಬರೆದು, ವೇಗ ಹೆಚ್ಚಿಸಿ, ಎರಡು ಸಾವಿರ ಸಾಲುಗಳನ್ನು ಕಡಿಮೆ ಮಾಡಿದ್ದರು. ಫಾರಂನಲ್ಲಿ -2000 ಎಂದು ಬರೆದರು. ಕೆಲವು ವಾರಗಳಾದ ಮೇಲೆ ಅವರಿಗೆ ಫಾರಂ ಕೊಡುವುದನ್ನೇ ನಿಲ್ಲಿಸಿದರು ಎಂದು ಸಹೋದ್ಯೋಗಿ ಆಂಡಿ ಹರ್ಟ್ಸ್‌ಫೆಲ್ಡ್ ದಾಖಲಿಸಿದ್ದಾರೆ. ಫಾರಂ ಬದಲಿಸಿದರೆಂದು ಅವರು ಬರೆದಿಲ್ಲ, ಒಬ್ಬನನ್ನು ಬಿಟ್ಟರು, ಅಷ್ಟೆ.

ದೀಪಾವಳಿ ಕಳೆದ ಮೇಲೆ ನಾವು ಅಕ್ಕಿ ಸುರಿಯಲು ಕೂತೆವು. ಯಾವ ವರದಿಯನ್ನು ಎಷ್ಟು ಅಂಗಡಿಗಳು ಆರು ತಿಂಗಳಲ್ಲಿ ಒಮ್ಮೆಯಾದರೂ ತೆರೆದಿವೆ ಎಂದು ನೋಡಿದೆವು. 14ರಲ್ಲಿ 9ನ್ನು ತೆಗೆಯುವುದು ಎಂದಾಯಿತು. ಧಾರವಾಡದವರು ಮುಖ ಗಂಟಿಕ್ಕಿ ಸಹಿ ಹಾಕಿದರು. ಅವುಗಳಲ್ಲಿ ಎರಡನ್ನು ಬರೆದು ಬಹುಮಾನ ಪಡೆದಿದ್ದ ಹುಡುಗನೇ ಅಳಿಸಿದ. ಅವನಿಗೆ ಬೇಸರವಾಯಿತೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ತೆಗೆದ ವಾರ ನಾಲ್ಕು ಅಂಗಡಿಗಳಿಂದ ದೂರು ಬಂತು, ನಾಲ್ಕೂ ಒಂದೇ ವರದಿಗೆ. ಅವಧಿ ಮುಗಿಯುತ್ತಿರುವ ಔಷಧಿಗಳ ಪಟ್ಟಿ ಅದು, ವರ್ಷಕ್ಕೊಮ್ಮೆ ಕಂಪನಿಗೆ ವಾಪಸು ಕಳಿಸುವಾಗ ಬೇಕಾಗುತ್ತದಂತೆ. ಆರು ತಿಂಗಳ ನನ್ನ ಅಳತೆಗೋಲು ಅಲ್ಲಿ ತಪ್ಪಿತ್ತು. ಅದನ್ನು ಮರಳಿ ಹಾಕಿದೆವು.

ಅಪ್ಪನಿಗೆ ಈಗ 81. ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಕೇಳಿಸಿಕೊಂಡು, "ಆ ನೋಟ್‌ಬುಕ್ಕಿನ ಹುಡುಗಿ ಪಗಾರ ಹೆಚ್ಚು ಮಾಡ್ದಿ ಏನು?" ಎಂದರು. ಮಾಡಿಸಿದ್ದೇನೆ, ಕೇಳಿದಷ್ಟು ಸಿಗಲಿಲ್ಲ. ಡ್ಯಾಶ್‌ಬೋರ್ಡ್ ಇನ್ನೂ ಗೋಡೆಯ ಮೇಲಿದೆ. ವ್ಯಕ್ತಿಗಳ ಹೆಸರು ತೆಗೆಸುವಷ್ಟು ಮಾತ್ರ ನನ್ನಿಂದ ಆಯಿತು.

ದಾವಣಗೆರೆಯ ಅಂಗಡಿಯ ದಿನದ ಲೆಕ್ಕದಲ್ಲಿ ತಾರೀಕಿನ ಅಕ್ಷರ ದಪ್ಪ ಮಾಡಿದ್ದೇವೆ. 20 ನಿಮಿಷದ ಕೆಲಸ. ಕೆಂಪು ಪುಸ್ತಕಕ್ಕೆ ಬರೆಯುವುದನ್ನು ಅವರು ನಿಲ್ಲಿಸಿದ್ದಾರೆ.